ಎಫ್‌ಸಿ ಇದೆ, ಬ್ರೇಕ್ ಇದೆಯಾ? ಲಾರಿ-ಟ್ರೇಲರ್ ತಪಾಸಣೆಯಲ್ಲಿ ನಾವು ಎಲ್ಲಿ ಎಡವುತ್ತಿದ್ದೇವೆ

ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ. ಇನ್ನೂ ಆರು ಗಂಟೆ ಆಗಿರಲಿಲ್ಲ. ದಾಬಸ್‌ಪೇಟೆ ದಾಟಿದ ಮೇಲೆ ಹೆದ್ದಾರಿ ಬದಿಯ ಒಂದು ಧಾಬಾದಲ್ಲಿ ಟೀ ಕುಡಿಯುತ್ತಾ ನಿಂತಿದ್ದೆ. ಎದುರಿಗೆ ಕಂಟೇನರ್ ಹೊತ್ತ ಒಂದು ಟ್ರೇಲರ್ ಲಾರಿ. ಅದರ ಡ್ರೈವರ್ ಒಂದು ಕಬ್ಬಿಣದ ರಾಡು ಹಿಡಿದು ಒಂದೊಂದೇ ಟೈರ್ ಬಡಿಯುತ್ತಾ ಬರುತ್ತಿದ್ದರು. ಮುಂದಿನ ಎಂಜಿನ್ ಗಾಡಿಗೆ ಆರು ಟೈರು, ಹಿಂದಿನ ಟ್ರೇಲರ್‌ಗೆ ಹನ್ನೆರಡು. ಒಟ್ಟು ಹದಿನೆಂಟು. ಗಾಳಿ ಸರಿಯಾಗಿದ್ದ ಟೈರಿಗೆ ರಾಡು ಬಿದ್ದರೆ ಟಣ್ ಎಂದು ಹಿಂದಕ್ಕೆ ಚಿಮ್ಮುತ್ತದೆ. ಟಣ್, ಟಣ್ ಎಂದು ಬರುತ್ತಿದ್ದ ಸದ್ದು ಟ್ರೇಲರ್‌ನ ಎಡಗಡೆ ನಡುವಿನ ಆಕ್ಸಲ್ ಹತ್ತಿರ ದಬ್ ಎಂದಿತು. ಅವರು ನಿಂತರು. ಇನ್ನೊಮ್ಮೆ ಬಡಿದರು. ಮೊಬೈಲ್ ಲೈಟು ಹಾಕಿ ಬಗ್ಗಿ ನೋಡಿದರು.

"ಒಳಗಿನ ಟೈರ್ ಹೋಗೇತಿ ನೋಡ್ರಿ" ಎಂದರು. ಹಾವೇರಿ ಕಡೆಯವರು.

ಹೊರಗಿನ ಟೈರ್ ಚೆನ್ನಾಗಿಯೇ ಇತ್ತು. ರಸ್ತೆಯಲ್ಲಿ ಹೋಗುವ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಆದರೆ ಇಬ್ಬರು ಹೊರಬೇಕಾದ ಭಾರವನ್ನು ಆ ಹೊರಗಿನ ಟೈರ್ ಒಂದೇ ಹೊತ್ತಿತ್ತು. ಹಾಗೇ ಓಡಿದರೆ ಅದು ಕಾಯುತ್ತದೆ, ಸಿಡಿಯುತ್ತದೆ. ಕೆಲವೊಮ್ಮೆ ಬೆಂಕಿಯೇ ಹತ್ತುತ್ತದೆ. ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಎನ್ನುವ ಫಿಟ್‌ನೆಸ್ ಸರ್ಟಿಫಿಕೇಟ್, ಇದೆಯಾ ಅಣ್ಣಾ ಎಂದು ಕೇಳಿದೆ. "ಐತ್ರಿ, ಇನ್ನೂ ಹನ್ನೊಂದು ತಿಂಗಳು ಐತಿ. ಎಫ್‌ಸಿ ಬ್ಯಾರೆ, ಟೈರ್ ಬ್ಯಾರೆ ಅಲ್ರಿ" ಎಂದರು.

ಲಾರಿ ಸುರಕ್ಷತೆ ಬಗ್ಗೆ ಈಗ ನಡೆಯುತ್ತಿರುವ ಚರ್ಚೆಯೆಲ್ಲ ಎಫ್‌ಸಿ ಸುತ್ತಲೇ ಇದೆ. ಎಫ್‌ಸಿಯನ್ನು ಇನ್‌ಸ್ಪೆಕ್ಟರ್ ಕಣ್ಣಿನಿಂದ ತೆಗೆದು ಯಂತ್ರದ ಕೈಗೆ ಕೊಡಬೇಕು ಅನ್ನುವುದು ಕೇಂದ್ರ ಸರ್ಕಾರದ ಹೆಜ್ಜೆ. ಅದು ಒಳ್ಳೆಯ ಹೆಜ್ಜೆ ಎಂದೇ ನನ್ನ ಅಭಿಪ್ರಾಯ. ಆದರೆ ಆ ಡ್ರೈವರ್ ರಾಡು ಹಿಡಿದು ಮಾಡಿದ ಹತ್ತು ನಿಮಿಷದ ಕೆಲಸವನ್ನು ಯಾವ ಯಂತ್ರವೂ ಮಾಡುವುದಿಲ್ಲ. ಆ ಹತ್ತು ನಿಮಿಷಕ್ಕೆ ನಮ್ಮ ವ್ಯವಸ್ಥೆಯಲ್ಲಿ ಜಾಗವೂ ಇಲ್ಲ, ಕೂಲಿಯೂ ಇಲ್ಲ. ಟ್ರೇಲರ್ ವಿಷಯಕ್ಕೆ ಬಂದರೆ ಇದು ಇನ್ನೂ ಜಾಸ್ತಿ.

ಮೊದಲು ಎಫ್‌ಸಿ ಅಂದರೆ ಏನು ಅಂತ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ, ಅರ್ಹತಾ ಪತ್ರ ಇಲ್ಲದ ಸಾರಿಗೆ ವಾಹನಕ್ಕೆ ನೋಂದಣಿ ಇದ್ದರೂ ಇಲ್ಲದ ಹಾಗೆ. ಹೊಸ ಲಾರಿಗೆ ಮೊದಲ ಎಫ್‌ಸಿ 2 ವರ್ಷಕ್ಕೆ ಸಿಗುತ್ತದೆ. ಅದಾದ ಮೇಲೆ ಮೊದಲೆಲ್ಲ ಪ್ರತಿ ವರ್ಷ ಮಾಡಿಸಬೇಕಿತ್ತು. 2018ರ ನವೆಂಬರ್‌ನಲ್ಲಿ ನಿಯಮ ಬದಲಾಯಿತು. ಈಗ ಲಾರಿಗೆ 8 ವರ್ಷ ಆಗುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ.

ಕಾರಿನ ಲೆಕ್ಕದಲ್ಲಿ 2 ವರ್ಷ ದೊಡ್ಡ ಅವಧಿ ಅನಿಸುವುದಿಲ್ಲ. ಲಾರಿಯ ಲೆಕ್ಕ ಬೇರೆ. ದೂರದ ಓಟದ ಲಾರಿ ತಿಂಗಳಿಗೆ 8,000 ಕಿಲೋಮೀಟರ್ ಓಡುವುದು ದೊಡ್ಡ ಮಾತಲ್ಲ. 2 ವರ್ಷಕ್ಕೆ ಹೆಚ್ಚುಕಡಿಮೆ 2 ಲಕ್ಷ ಕಿಲೋಮೀಟರ್. ಭೂಮಿಯನ್ನು ಐದು ಸಲ ಸುತ್ತಿದಷ್ಟು. ಇಷ್ಟು ದೂರದಲ್ಲಿ ಟೈರ್ ಸವೆದು ಬದಲಾಗಿರುತ್ತವೆ, ಬ್ರೇಕ್ ಲೈನರ್ ಮುಗಿದು ಹೊಸದು ಹಾಕಿರುತ್ತಾರೆ, ಕಮಾನು ಪಟ್ಟಿ ಒಂದೆರಡು ಮುರಿದಿರುತ್ತವೆ. ಅಂದರೆ ಎಫ್‌ಸಿ ಕೊಟ್ಟ ದಿನ ಇದ್ದ ಲಾರಿಯೇ ಬೇರೆ, ಇವತ್ತು ರಸ್ತೆಯಲ್ಲಿರುವ ಲಾರಿಯೇ ಬೇರೆ. ಕಾಗದದಲ್ಲಿ ಮಾತ್ರ ಎರಡೂ ಒಂದೇ.

ಇನ್ನು ಆ ಒಂದು ದಿನಕ್ಕಾಗಿ ನಡೆಯುವ ತಯಾರಿ ಲಾರಿ ಲೈನಿನಲ್ಲಿರುವ ಎಲ್ಲರಿಗೂ ಗೊತ್ತು. ಎಫ್‌ಸಿಗೆ ಮೊದಲು ಪೇಂಟ್ ಹೊಡೆಸುತ್ತಾರೆ. ಹೊಸ ರೇಡಿಯಂ ಅಂಟಿಸುತ್ತಾರೆ. ಬೇರೆ ಗಾಡಿಯ ಒಳ್ಳೆಯ ಟೈರ್ ತಂದು ಹಾಕಿ, ಎಫ್‌ಸಿ ಆದ ಮೇಲೆ ವಾಪಸ್ ಕೊಡುವುದೂ ಹೊಸದಲ್ಲ. ಮೈದಾನದಲ್ಲಿ ಸಾಲಾಗಿ ನಿಂತ ಗಾಡಿಗಳನ್ನು ಒಬ್ಬ ಇನ್‌ಸ್ಪೆಕ್ಟರ್ ಸುತ್ತು ಹಾಕಿ ನೋಡುತ್ತಾರೆ. ಲೈಟು, ಹಾರ್ನು, ವೈಪರ್ ನೋಡಬಹುದು. ಸ್ವಲ್ಪ ಓಡಿಸಿ ಬ್ರೇಕ್ ಹಿಡಿಸಬಹುದು. ಆದರೆ ಎಡಗಡೆಯ ಚಕ್ರಕ್ಕೂ ಬಲಗಡೆಯ ಚಕ್ರಕ್ಕೂ ಬ್ರೇಕ್ ಸಮ ಹಿಡಿಯುತ್ತಿದೆಯಾ ಅಂತ ಬರಿಗಣ್ಣಿಗೆ ಹೇಗೆ ಗೊತ್ತಾಗಬೇಕು? ಅದು ಇನ್‌ಸ್ಪೆಕ್ಟರ್ ತಪ್ಪಲ್ಲ.

ಅದಕ್ಕೇ ಯಂತ್ರ ಬಂತು. 2021ರ ಸೆಪ್ಟೆಂಬರ್‌ನಲ್ಲಿ ಆಟೊಮೇಟೆಡ್ ಟೆಸ್ಟಿಂಗ್ ಸ್ಟೇಷನ್, ಅಂದರೆ ಎಟಿಎಸ್ ಕುರಿತು ನಿಯಮಗಳು ಬಂದವು. ಭಾರಿ ಲಾರಿ, ಬಸ್ಸುಗಳಿಗೆ 2023ರ ಏಪ್ರಿಲ್ 1ರಿಂದ ಕಡ್ಡಾಯ ಎಂದರು. ಸಾಕಷ್ಟು ಕೇಂದ್ರಗಳೇ ಸಿದ್ಧವಿರಲಿಲ್ಲ. ದಿನಾಂಕ 2024ರ ಅಕ್ಟೋಬರ್ 1ಕ್ಕೆ ಹೋಯಿತು. ನಮ್ಮಲ್ಲಿ ನೆಲಮಂಗಲದಲ್ಲಿ ಇಂಥ ಕೇಂದ್ರವಿದೆ. ಲಾರಿಯ ಒಂದೊಂದೇ ಆಕ್ಸಲನ್ನು ತಿರುಗುವ ರೋಲರ್ ಮೇಲೆ ನಿಲ್ಲಿಸಿ, ಬ್ರೇಕ್ ಹಿಡಿದಾಗ ಪ್ರತಿ ಚಕ್ರದಲ್ಲಿ ಎಷ್ಟು ಬಲ ಬರುತ್ತದೆ ಅಂತ ಅಳೆಯುತ್ತಾರೆ. ಹೆಡ್‌ಲೈಟ್ ಬೆಳಕು ಎಲ್ಲಿ ಬೀಳುತ್ತದೆ, ಹೊಗೆ ಎಷ್ಟು ದಟ್ಟ, ಸ್ಟಿಯರಿಂಗ್ ಜಾಯಿಂಟ್‌ಗಳಲ್ಲಿ ಎಷ್ಟು ಆಟ ಇದೆ, ಎಲ್ಲವನ್ನೂ ಯಂತ್ರವೇ ನೋಡುತ್ತದೆ. ಅಂಕಿ ನೇರವಾಗಿ ಕಂಪ್ಯೂಟರಿಗೆ ಹೋಗುತ್ತದೆ. ಕೇಂದ್ರ ನಡೆಸುವವರು ರಿಪೇರಿ ಮಾಡುವ ಹಾಗಿಲ್ಲ, ಬಿಡಿಭಾಗ ಮಾರುವ ಹಾಗಿಲ್ಲ. ಫೇಲ್ ಮಾಡಿ ಪಕ್ಕದ ತಮ್ಮದೇ ಗ್ಯಾರೇಜಿಗೆ ಕಳಿಸುವುದು ತಪ್ಪಲಿ ಅಂತ. ಫೇಲ್ ಆದ ಗಾಡಿ 30 ದಿನದೊಳಗೆ ಮತ್ತೆ ಬರಬಹುದು.

ಇದೆಲ್ಲ ಬೇಕಾದದ್ದೇ. ಆದರೆ ರೋಲರ್ ಪರೀಕ್ಷೆಗೂ ಒಂದು ಮಿತಿ ಇದೆ. ಲಾರಿ ಎಫ್‌ಸಿಗೆ ಖಾಲಿಯಾಗಿ ಬರುತ್ತದೆ. ಖಾಲಿ ಟ್ರೇಲರ್‌ನ ಚಕ್ರದ ಮೇಲೆ ಭಾರ ಕಡಿಮೆ. ಸ್ವಲ್ಪ ಬ್ರೇಕ್ ಹಿಡಿದರೂ ಚಕ್ರ ಜಾರಿ ನಿಂತುಬಿಡುತ್ತದೆ. ಆ ಬ್ರೇಕಿಗೆ ಪೂರ್ತಿ ಎಷ್ಟು ಶಕ್ತಿ ಇದೆ ಎಂದು ಅಲ್ಲಿ ಗೊತ್ತಾಗುವುದೇ ಇಲ್ಲ. ಮೇಲಾಗಿ ಪರೀಕ್ಷೆ ನಡೆಯುವುದು ತಣ್ಣಗಿರುವ ಬ್ರೇಕಿನ ಮೇಲೆ. ಘಾಟಿ ಇಳಿಯುವಾಗ ಟ್ರೇಲರ್ ಒಟ್ಟು 45 ಟನ್ ತೂಗುತ್ತಿರುತ್ತದೆ, ಡ್ರಮ್ ಮುಟ್ಟಿದರೆ ಕೈ ಸುಡುವಷ್ಟು ಕಾದಿರುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ "ಬ್ರೇಕ್ ಫೇಲ್" ಅನ್ನುವ ಎರಡು ಪದದಲ್ಲಿ ನಾವು ಎಷ್ಟೋ ಅಪಘಾತಗಳ ವಿಚಾರಣೆ ಮುಗಿಸಿಬಿಡುತ್ತೇವೆ.

ದೊಡ್ಡ ಲಾರಿಯಲ್ಲಿ ಬ್ರೇಕ್ ಹಿಡಿಯುವುದು ಗಾಳಿ. ಎಂಜಿನ್ ಓಡುವಾಗ ಕಂಪ್ರೆಸರ್ ಗಾಳಿಯನ್ನು ಟ್ಯಾಂಕಿಗೆ ತುಂಬುತ್ತದೆ. ಪೆಡಲ್ ಒತ್ತಿದರೆ ಆ ಗಾಳಿ ಪ್ರತಿ ಚಕ್ರದ ಹತ್ತಿರವಿರುವ ಬ್ರೇಕ್ ಚೇಂಬರಿಗೆ ಹೋಗಿ ಒಂದು ರಾಡನ್ನು ಹೊರಗೆ ತಳ್ಳುತ್ತದೆ. ಆ ರಾಡು ಸ್ಲ್ಯಾಕ್ ಅಡ್ಜಸ್ಟರ್ ಅನ್ನುವ ಒಂದು ಗೇಣುದ್ದದ ತುಂಡನ್ನು ತಿರುಗಿಸುತ್ತದೆ. ಅದು ಒಳಗಿನ ಕ್ಯಾಮ್ ತಿರುಗಿಸಿ ಲೈನರ್‌ಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಲೈನರ್ ಸವೆದಂತೆಲ್ಲ ರಾಡು ಇನ್ನೂ ದೂರ ಹೊರಗೆ ಬರಬೇಕಾಗುತ್ತದೆ. ಆದರೆ ಅದು ಬರುವುದಕ್ಕೂ ಒಂದು ಮಿತಿ ಇದೆ. ಆ ಅಂತರವನ್ನು ಆಗಾಗ ಸರಿ ಮಾಡಿಕೊಳ್ಳದಿದ್ದರೆ ರಾಡು ಪೂರ್ತಿ ಹೊರಗೆ ಬಂದರೂ ಲೈನರ್ ಡ್ರಮ್ಮನ್ನು ಗಟ್ಟಿಯಾಗಿ ಒತ್ತುವುದಿಲ್ಲ.

ಈಗ ಶಿರಾಡಿ ಘಾಟಿನಲ್ಲೋ ಅರಬೈಲ್ ಘಾಟಿನಲ್ಲೋ ಇಳಿಯುತ್ತಿರುವ ಲಾರಿ ನೆನೆಸಿಕೊಳ್ಳಿ. ಬ್ರೇಕ್ ಹಿಡಿದು ಹಿಡಿದು ಡ್ರಮ್ ಕಾಯುತ್ತದೆ. ಕಾದ ಕಬ್ಬಿಣ ಹಿಗ್ಗುತ್ತದೆ. ಡ್ರಮ್ ಹಿಗ್ಗಿದರೆ ಲೈನರಿಗೂ ಅದಕ್ಕೂ ನಡುವಿನ ದೂರ ಇನ್ನೂ ಹೆಚ್ಚುತ್ತದೆ. ಕಾದ ಲೈನರ್‌ನ ಹಿಡಿತವೂ ಕಮ್ಮಿಯಾಗುತ್ತದೆ. ಸಮತಟ್ಟು ರಸ್ತೆಯಲ್ಲಿ ತಣ್ಣಗಿದ್ದಾಗ ಪರವಾಗಿಲ್ಲ ಎನ್ನುವ ಹಾಗೆ ಹಿಡಿಯುತ್ತಿದ್ದ ಅದೇ ಬ್ರೇಕ್ ಆರನೇ ತಿರುವಿನಲ್ಲಿ ಕೈಕೊಡುತ್ತದೆ. ಡ್ರೈವರ್ "ಬ್ರೇಕ್ ಹತ್ತಲಿಲ್ಲ" ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಬ್ರೇಕ್ ಕೆಟ್ಟಿದ್ದು ಆ ತಿರುವಿನಲ್ಲಲ್ಲ, ಅದಕ್ಕೆ ವಾರಗಟ್ಟಲೆ ಮೊದಲು. ಲಾರಿ ಕೆಳಗೆ ಬಗ್ಗಿ, ಒಬ್ಬರು ಪೆಡಲ್ ಒತ್ತುವಾಗ ಇನ್ನೊಬ್ಬರು ರಾಡು ಎಷ್ಟು ಹೊರಗೆ ಬಂತು ಎಂದು ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಇದಕ್ಕೆ ಬೇಕಾದದ್ದು ಒಂದು ಚಾಕ್‌ಪೀಸು, ಒಂದು ಅಳತೆ ಪಟ್ಟಿ, ಇಬ್ಬರು ಮನುಷ್ಯರು. ಮೊದಲು ಆ ಎರಡನೆಯ ಮನುಷ್ಯ ಕ್ಲೀನರ್ ಆಗಿರುತ್ತಿದ್ದ. ಈಗ ಎಷ್ಟೋ ದೊಡ್ಡ ಗಾಡಿಗಳಲ್ಲಿ ಡ್ರೈವರ್ ಒಬ್ಬರೇ.

2022ರ ನವೆಂಬರ್ 20ರ ರಾತ್ರಿ ಪುಣೆಯ ನವಲೆ ಸೇತುವೆ ಬಳಿ ಒಂದು ಲಾರಿ 48 ವಾಹನಗಳಿಗೆ ಗುದ್ದಿತು. ಅದು ನಮ್ಮ ಬೆಂಗಳೂರು-ಮುಂಬೈ ಹೆದ್ದಾರಿಯೇ. ಹುಬ್ಬಳ್ಳಿ, ಬೆಳಗಾವಿ ಕಡೆಯ ಸಾವಿರಾರು ಡ್ರೈವರ್‌ಗಳಿಗೆ ಆ ಇಳಿಜಾರು ಗೊತ್ತು. ಮೊದಲು ಎಲ್ಲರೂ ಹೇಳಿದ್ದು ಬ್ರೇಕ್ ಫೇಲ್ ಅಂತಲೇ. ಆಮೇಲೆ ಪ್ರಾಥಮಿಕ ತನಿಖೆಯಲ್ಲಿ ಬೇರೆ ಮಾತು ಬಂತು. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿದ್ದರಂತೆ. ಎಂಜಿನ್ ನಿಂತರೆ ಕಂಪ್ರೆಸರ್ ನಿಲ್ಲುತ್ತದೆ. ಬ್ರೇಕ್ ಹಿಡಿದಷ್ಟೂ ಟ್ಯಾಂಕಿನ ಗಾಳಿ ಖಾಲಿಯಾಗುತ್ತದೆ, ತುಂಬುವವರಿಲ್ಲ. ಗೇರಿನಲ್ಲಿ ಎಂಜಿನ್ ಲಾರಿಯನ್ನು ಹಿಡಿದಿಡುವ ಬಲವೂ ಹೋಗುತ್ತದೆ. ಇಂಥದ್ದನ್ನು ಯಾವ ಎಫ್‌ಸಿಯೂ ತಡೆಯುವುದಿಲ್ಲ. ಅದಕ್ಕೆ ತರಬೇತಿ ಬೇಕು, ಮತ್ತು ಉಳಿಸಿದ ಡೀಸೆಲ್ಲಿನಿಂದ ಡ್ರೈವರ್ ಮನೆ ನಡೆಯಬೇಕಾದ ಸ್ಥಿತಿ ಹೋಗಬೇಕು.

ಇನ್ನು ನಿಂತ ಲಾರಿಯ ವಿಷಯ. 2024ರ ಜೂನ್ 28ರ ಬೆಳಗಿನ ಜಾವ ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನಲ್ಲಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ 13 ಜನ ಸತ್ತರು. ಅದಕ್ಕೆ ಎಂಟು ತಿಂಗಳ ಮೊದಲು, 2023ರ ಅಕ್ಟೋಬರ್ 26ರಂದು, ಚಿಕ್ಕಬಳ್ಳಾಪುರದ ಬಳಿ ನಿಂತಿದ್ದ ಟ್ಯಾಂಕರ್‌ಗೆ ಸುಮೊ ಗುದ್ದಿ ಹದಿಮೂರು ಜನ. ಬೆಳಗಿನ ಮಂಜು, ನಿದ್ದೆಗಣ್ಣು, ವೇಗ, ತಪ್ಪಾದ ಕಡೆ ನಿಲ್ಲಿಸಿದ್ದು, ಇಂಥ ಅಪಘಾತಕ್ಕೆ ಕಾರಣಗಳು ಹಲವು ಇರುತ್ತವೆ. ಆ ಎರಡು ಲಾರಿಗಳ ಹಿಂಬದಿ ಹೇಗಿತ್ತು ಎಂದು ನಾನು ಇಲ್ಲಿ ಹೇಳುತ್ತಿಲ್ಲ. ಆದರೆ ಇಂಥ ಕಡೆ ಜೀವ ಉಳಿಸಬಹುದಾದ ವಸ್ತುಗಳೆಲ್ಲ ಲಾರಿಯ ಹಿಂಭಾಗದಲ್ಲೇ ಇರುತ್ತವೆ, ಅವೆಲ್ಲ ಅಗ್ಗದವೇ.

ಒಂದು, ರೇಡಿಯಂ ಪಟ್ಟಿ. ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ, ಮುಂದೆ ಬಿಳಿ ಎಂದು ನಿಯಮವಿದೆ. ಹೊಸದಾಗಿ ಅಂಟಿಸಿದಾಗ ಹೆಡ್‌ಲೈಟ್ ಬಿದ್ದರೆ ದೂರದಿಂದಲೇ ಹೊಳೆಯುತ್ತದೆ. ಸಿಮೆಂಟ್ ಧೂಳು, ಅದಿರಿನ ಧೂಳು, ಕೆಸರು ಕೂತರೆ ಇದ್ದೂ ಇಲ್ಲದ ಹಾಗೆ. ಒಂದು ಒದ್ದೆ ಬಟ್ಟೆಯ ಕೆಲಸ ಅಷ್ಟೇ. ಎರಡು, ಹಿಂದಿನ ಲೈಟುಗಳು. ಟ್ರೇಲರ್‌ನ ವೈರು ಒಂದು ಪ್ಲಗ್ಗಿನ ಮೂಲಕ ಮುಂದಿನ ಗಾಡಿಗೆ ಸೇರುತ್ತದೆ. ಅದಕ್ಕೆ ತುಕ್ಕು ಹಿಡಿದರೆ ಹಿಂದಿನ ಯಾವ ಲೈಟೂ ಹತ್ತುವುದಿಲ್ಲ, ಕ್ಯಾಬಿನ್‌ನಲ್ಲಿ ಕೂತವರಿಗೆ ಅದು ತಿಳಿಯುವುದೂ ಇಲ್ಲ. ಮೂರು, ಹಿಂಬದಿಯ ಕೆಳಗಿನ ಅಡ್ಡಪಟ್ಟಿ. ಕಾರು ಲಾರಿಯ ಅಡಿಗೆ ನುಗ್ಗಬಾರದು ಅಂತ ಅದನ್ನು ಹಾಕುವುದು. ಎಷ್ಟೋ ಗಾಡಿಗಳಲ್ಲಿ ಅದು ಹಿಂದೆ ತೆಗೆಯುವಾಗ ಗೋಡೆಗೆ ತಾಗಿ ಬಗ್ಗಿರುತ್ತದೆ. ಇಲ್ಲವಾದರೆ ಹೆಸರಿಗೊಂದು ತೆಳು ಪೈಪು ವೆಲ್ಡ್ ಮಾಡಿರುತ್ತಾರೆ. ಕಾರಿನ ಏರ್‌ಬ್ಯಾಗ್ ಎಷ್ಟೇ ಒಳ್ಳೆಯದಿರಲಿ, ಗಾಜಿನ ಮಟ್ಟಕ್ಕೆ ಲಾರಿಯ ಚಾಸಿ ಬಂದು ತಾಗಿದರೆ ಏನೂ ಮಾಡಲಾಗದು. ಈ ಅಡ್ಡಪಟ್ಟಿ ವಿಷಯದಲ್ಲಿ ನಾವು ಇಷ್ಟು ಉದಾಸೀನ ಮಾಡುವುದು ನನಗೆ ತುಂಬ ನೋವು ಕೊಡುವ ಸಂಗತಿ.

ಟ್ರೇಲರ್ ಬಗ್ಗೆ ಹೇಳುವುದು ಬಹಳ ಇದೆ. ಯಾಕೆಂದರೆ ಟ್ರೇಲರ್ ಒಂದು ರೀತಿಯಲ್ಲಿ ಅನಾಥ.

ಲಾರಿಗೆ ಒಬ್ಬ ಡ್ರೈವರ್ ಇರುತ್ತಾರೆ. ಅದರ ಸದ್ದು ಬದಲಾದರೆ ಅವರಿಗೆ ಗೊತ್ತಾಗುತ್ತದೆ. ಸ್ಟಿಯರಿಂಗ್ ಎಳೆದರೆ ಕೈಗೆ ತಿಳಿಯುತ್ತದೆ. ಟ್ರೇಲರ್‌ಗೆ ಎಂಜಿನ್ ಇಲ್ಲ, ಮೀಟರ್ ಇಲ್ಲ, ಎಚ್ಚರಿಸುವ ಬಜರ್ ಇಲ್ಲ. ಇವತ್ತು ಒಂದು ಗಾಡಿ ಎಳೆಯುತ್ತದೆ, ನಾಳೆ ಇನ್ನೊಂದು. ವೈಟ್‌ಫೀಲ್ಡ್ ಕಂಟೇನರ್ ಡಿಪೊದಲ್ಲಾಗಲಿ, ಮಂಗಳೂರು ಬಂದರಿನ ಹತ್ತಿರವಾಗಲಿ ಒಬ್ಬರು ಬಿಟ್ಟುಹೋದ ಟ್ರೇಲರ್ ಇನ್ನೊಬ್ಬರು ಸಿಕ್ಕಿಸಿಕೊಂಡು ಹೋಗುವುದು ದಿನನಿತ್ಯದ ಕೆಲಸ. ಮೊದಲಿನವರು ಕಂಡ ದೋಷ ಎರಡನೆಯವರಿಗೆ ಹೇಳುವ ದಾರಿ ಏನು? ಹೆಚ್ಚಿನ ಕಡೆ ಏನೂ ಇಲ್ಲ. ಎಂಜಿನ್ ಗಾಡಿ ಹಳತಾದರೆ ಮಾರಿ ಹೊಸದು ತರುತ್ತಾರೆ. ಟ್ರೇಲರ್ ಮಾತ್ರ ವೆಲ್ಡಿಂಗ್ ಮೇಲೆ ವೆಲ್ಡಿಂಗ್ ಹಾಕಿಸಿಕೊಂಡು ಓಡುತ್ತಲೇ ಇರುತ್ತದೆ.

ಕಾನೂನಿನಲ್ಲಿ ಟ್ರೇಲರ್‌ಗೆ ತನ್ನದೇ ನೋಂದಣಿ ಸಂಖ್ಯೆ ಇದೆ. ಅದನ್ನು ಪಕ್ಕದಲ್ಲಿ ಬರೆಯಬೇಕು. ಹಿಂದುಗಡೆ ಇರಬೇಕಾದದ್ದು ಎಳೆಯುವ ಗಾಡಿಯ ಸಂಖ್ಯೆ. ಚೆಕ್‌ಪೋಸ್ಟಿನಲ್ಲಿ ಹಿಂದಿನಿಂದ ಫೋಟೊ ತೆಗೆದರೆ ಸಿಗುವುದು ಎಂಜಿನ್ ಗಾಡಿಯ ಜಾತಕ. ಅದರ ಎಫ್‌ಸಿ ಸರಿ ಇರಬಹುದು. ಹನ್ನೆರಡು ಟೈರಿನ ಟ್ರೇಲರ್‌ನದ್ದು ನೋಡಬೇಕಾದರೆ ಪಕ್ಕಕ್ಕೆ ಹೋಗಿ, ಮಾಸಿದ ಅಕ್ಷರ ಓದಿ, ಬೇರೆಯಾಗಿ ಹುಡುಕಬೇಕು. ಬಿಡುವಿಲ್ಲದ ಸಿಬ್ಬಂದಿ ಅಷ್ಟು ದೂರ ಹೋಗುವುದು ಕಷ್ಟ.

ಎರಡು ಗಾಡಿ ಸೇರುವ ಜಾಗವೇ ಎಲ್ಲಕ್ಕಿಂತ ಸೂಕ್ಷ್ಮ. ಎಂಜಿನ್ ಗಾಡಿಯ ಬೆನ್ನ ಮೇಲೆ ಗ್ರೀಸ್ ಹಚ್ಚಿದ ಒಂದು ದಪ್ಪ ತಟ್ಟೆ ಇರುತ್ತದೆ, ಫಿಫ್ತ್ ವೀಲ್ ಅನ್ನುತ್ತಾರೆ. ಟ್ರೇಲರ್ ಅಡಿಯಲ್ಲಿ ಒಂದು ಉಕ್ಕಿನ ಗೂಟ, ಕಿಂಗ್‌ಪಿನ್. ಇಡೀ ಕಂಟೇನರ್ ಆ ಮಣಿಕಟ್ಟು ದಪ್ಪದ ಗೂಟಕ್ಕೆ ಜೋತುಬಿದ್ದು ಬರುತ್ತದೆ. ಗಾಡಿ ಹಿಂದೆ ತಂದಾಗ ದವಡೆಯಂಥ ಲಾಕ್ ಗೂಟವನ್ನು ಕಚ್ಚಿಕೊಳ್ಳಬೇಕು. ಕಚ್ಚಿಕೊಂಡ ಸದ್ದು ಬಂದರೂ ಕೆಲವು ಸಲ ಅರ್ಧ ಮಾತ್ರ ಕಚ್ಚಿರುತ್ತದೆ. ಅನುಭವಸ್ಥರು ಇಳಿದು ಹೋಗಿ ಟಾರ್ಚ್ ಹಾಕಿ ನೋಡುತ್ತಾರೆ. ಹ್ಯಾಂಡಲ್ ಪೂರ್ತಿ ಒಳಗೆ ಹೋಗಿದೆಯಾ, ತಟ್ಟೆಗೂ ಟ್ರೇಲರ್‌ಗೂ ನಡುವೆ ಬೆಳಕು ಕಾಣುತ್ತಿದೆಯಾ. ಬೆಳಕು ಕಂಡರೆ ಕೂತಿಲ್ಲ ಎಂದರ್ಥ. ಆಮೇಲೆ ಟ್ರೇಲರ್ ಬ್ರೇಕ್ ಹಿಡಿದಿಟ್ಟು ಎಂಜಿನ್ ಗಾಡಿಯನ್ನು ಮೆತ್ತಗೆ ಮುಂದಕ್ಕೆ ಎಳೆದು ನೋಡುತ್ತಾರೆ. ಬಿಟ್ಟುಕೊಳ್ಳಲಿಲ್ಲ ಅಂದರೆ ಸರಿ. ಗಾಳಿಯ ಪೈಪು ಎರಡನ್ನೂ ಸಿಕ್ಕಿಸಿ ಸುಯ್ ಅನ್ನುವ ಸದ್ದಿದೆಯಾ ಎಂದು ಕಿವಿಗೊಡುತ್ತಾರೆ. ಬಿಟ್ಟುಹೋದಾಗ ಟ್ರೇಲರನ್ನು ಹೊತ್ತು ನಿಲ್ಲುವ ಕಬ್ಬಿಣದ ಕಾಲುಗಳನ್ನು ಪೂರ್ತಿ ಮೇಲೆತ್ತುತ್ತಾರೆ. ಕಂಟೇನರ್ ಇದ್ದರೆ ನಾಲ್ಕು ಮೂಲೆಯ ಲಾಕ್ ತಿರುಗಿಸಿದೆಯಾ ನೋಡುತ್ತಾರೆ. ಆ ಲಾಕ್ ಹಾಕದೆ ಹೊರಟರೆ, ಒಂದು ರಿಂಗ್ ರಸ್ತೆ ತಿರುವಿನಲ್ಲಿ ಕಂಟೇನರ್ ಮಾತ್ರ ಪಕ್ಕದ ಗಾಡಿಯ ಮೇಲೆ ಬೀಳಲು ಏನೂ ಅಡ್ಡಿಯಿಲ್ಲ.

ನೋಡುವ ಕಣ್ಣಿಗೆ ಲಾರಿ ತಾನೇ ಎಷ್ಟೋ ಹೇಳುತ್ತದೆ. ಚಕ್ರದ ನಟ್‌ನಿಂದ ಕೆಂಪು ತುಕ್ಕಿನ ಗೆರೆ ಇಳಿದಿದ್ದರೆ ಆ ನಟ್ ಸಡಿಲ ಆಗಿದೆ. ಹಬ್ ಸುತ್ತ ಎಣ್ಣೆ ಚಿಮ್ಮಿದ್ದರೆ ಸೀಲ್ ಹೋಗಿದೆ, ಆ ಎಣ್ಣೆ ಬ್ರೇಕ್ ಲೈನರಿಗೂ ಹೋಗಿರುತ್ತದೆ. ಟೈರ್ ಒಂದು ಅಂಚಿನಲ್ಲಿ ಮಾತ್ರ ಸವೆದಿದ್ದರೆ ಆಕ್ಸಲ್ ನೇರ ಇಲ್ಲ. ಟೈರಿನ ಗೀರಿನ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕು ಎನ್ನುತ್ತದೆ ನಿಯಮ. ಮಳೆಗಾಲದಲ್ಲಿ ಅದೂ ಸಾಲದು ಅನ್ನುವುದು ಓಡಿಸುವವರ ಮಾತು.

ಹಾಗಾದರೆ ಇದನ್ನೆಲ್ಲ ಯಾರು ನೋಡಬೇಕು? ಕಾನೂನು ಒಂದು ಉತ್ತರ ಕೊಟ್ಟಿದೆ. ಕಾಯ್ದೆಯ 190ನೇ ಸೆಕ್ಷನ್ ಓದಿ. ಅಪಾಯ ತರುವ ದೋಷವಿರುವ ವಾಹನವನ್ನೋ ಟ್ರೇಲರನ್ನೋ ಓಡಿಸಿದವರು ಅಥವಾ ಓಡಿಸಲು ಬಿಟ್ಟವರು ಇಬ್ಬರೂ ತಪ್ಪಿತಸ್ಥರು. ದೋಷ ಗೊತ್ತಿದ್ದರೆ ಮಾತ್ರವಲ್ಲ, ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದರೂ ತಪ್ಪೇ. ದಂಡ 1,500 ರೂಪಾಯಿ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ. ಓವರ್‌ಲೋಡ್‌ಗೆ ಹೋಲಿಸಿ ನೋಡಿ. ಅಲ್ಲಿ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಿನ ಮಾಲು ಇಳಿಸದೆ ಗಾಡಿ ಮುಂದೆ ಹೋಗುವ ಹಾಗಿಲ್ಲ ಎಂದೂ ಇದೆ. ಬ್ರೇಕ್ ಇಲ್ಲದ ಲಾರಿಗೆ ಮಾತ್ರ 1,500.

"ಓಡಿಸಲು ಬಿಟ್ಟವರು" ಅನ್ನುವ ಮಾತು ಕಾನೂನಿನಲ್ಲಿ ಇದೆ, ರಸ್ತೆಯಲ್ಲಿ ಇಲ್ಲ. ರಸ್ತೆಯಲ್ಲಿ ಸಿಗುವುದು ಡ್ರೈವರ್ ಒಬ್ಬರೇ. ಅವರ ಸಂಬಳ ಹೆಚ್ಚಾಗಿ ಟ್ರಿಪ್ ಲೆಕ್ಕ, ಮೇಲೆ ಬಾಟಾ. ಲೋಡಿಂಗ್‌ಗೆ ಕಾದ ಎಂಟು ಗಂಟೆಗೆ ಕಾಸಿಲ್ಲ. ಡ್ರೈವರ್ ಕೆಲಸ ದಿನಕ್ಕೆ 8 ಗಂಟೆ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳಿ ಅರವತ್ತು ವರ್ಷ ದಾಟಿತು. ಗೋಡೌನಿನವರು ರಾತ್ರಿ ಹನ್ನೊಂದಕ್ಕೆ ಲೋಡ್ ಮುಗಿಸಿ "ಬೇಗ ಹೊರಡಿ, ಗೇಟ್ ಬಿಡಿ" ಅನ್ನುತ್ತಾರೆ. ಮಾಲು ಬೆಳಗ್ಗೆ ಮುಟ್ಟಲೇಬೇಕು. ಕತ್ತಲಲ್ಲಿ, ಕೆಸರಲ್ಲಿ, ಇಪ್ಪತ್ತು ಗಂಟೆ ಎದ್ದಿರುವ ಮನುಷ್ಯ ಹದಿನೆಂಟು ಟೈರ್ ಬಡಿದು ನೋಡುತ್ತಾರೆ ಎಂದು ನಾವು ಹೇಗೆ ನಿರೀಕ್ಷೆ ಮಾಡುವುದು?

ನೋಡಿ ದೋಷ ಕಂಡರೂ ಮುಂದೇನು? ಮಾಲೀಕರಿಗೆ ಫೋನ್ ಮಾಡಬೇಕು. ಹತ್ತು ಲಾರಿ ಇರುವ ಮಾಲೀಕರೂ ಬ್ಯಾಂಕಿನ ಕಂತಿನ ಮೇಲೆ ಕೂತಿರುತ್ತಾರೆ. ಅವರನ್ನೇ ಬೈದು ಪ್ರಯೋಜನವಿಲ್ಲ. ಬಾಡಿಗೆ ದರ ಇಳಿಸುತ್ತಾ ಹೋಗುವ ದೊಡ್ಡ ಕಂಪನಿಗಳು ಈ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ. ಅವರ ಗೇಟಿನಲ್ಲಿ ಹೆಲ್ಮೆಟ್, ಶೂ, ಜಾಕೆಟ್ ಇಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಆದರೆ ಅದೇ ಗೇಟಿನಿಂದ ಸವೆದ ಟೈರಿನ ಟ್ರೇಲರ್ 30 ಟನ್ ಹೊತ್ತು ಹೊರಗೆ ಬರುತ್ತದೆ. ಕೆಲವು ಸಿಮೆಂಟ್, ಪೆಟ್ರೋಲಿಯಂ ಕಂಪನಿಗಳ ಗೇಟಿನಲ್ಲಿ ಗಾಡಿಯನ್ನು ಸರಿಯಾಗಿ ನೋಡಿಯೇ ಬಿಡುತ್ತಾರೆ. ಅಂದರೆ ಮನಸ್ಸಿದ್ದರೆ ಆಗುತ್ತದೆ. ಲೋಡ್ ಕೊಡುವವರಿಗೂ ಜವಾಬ್ದಾರಿ ಹಂಚುವವರೆಗೆ ಡ್ರೈವರ್ ಮತ್ತು ಸಣ್ಣ ಮಾಲೀಕ ಇಬ್ಬರೇ ಒಬ್ಬರಿಗೊಬ್ಬರು ದೂರುತ್ತಾ ಇರುತ್ತಾರೆ.

ಅಮೆರಿಕ, ಕೆನಡಾ, ಮೆಕ್ಸಿಕೊಗಳಲ್ಲಿ ಒಂದು ಪದ್ಧತಿ ಇದೆ, ಅದು ನಮಗೂ ಹೊಂದುತ್ತದೆ. ಅಲ್ಲಿ ರಸ್ತೆ ಬದಿಯಲ್ಲೇ ಲಾರಿಯನ್ನು ನಿಲ್ಲಿಸಿ, ಕೆಳಗೆ ಹೋಗಿ, ಬ್ರೇಕಿನ ರಾಡು ಅಳೆದು ನೋಡುತ್ತಾರೆ. ಪೂರ್ತಿ ತಪಾಸಣೆಗೆ 37 ಹಂತ. ವರ್ಷಕ್ಕೊಮ್ಮೆ 72 ಗಂಟೆಗಳ ವಿಶೇಷ ಅಭಿಯಾನವೂ ಇದೆ. ಆ ಸಮಯದಲ್ಲಿ ಪರೀಕ್ಷಿಸಿದ ಲಾರಿಗಳಲ್ಲಿ ಸುಮಾರು ಐದರಲ್ಲಿ ಒಂದು ಅಲ್ಲೇ ನಿಲ್ಲುತ್ತದೆ. ಕಾರಣಗಳಲ್ಲಿ ಬ್ರೇಕೇ ಮೊದಲು. ಲಾರಿ-ಟ್ರೇಲರ್ ಸೇರಿ ಹತ್ತು ಬ್ರೇಕ್ ಇದ್ದರೆ ಎರಡು ಕೆಟ್ಟಿದ್ದರೂ ಸಾಕು, ಅಂದರೆ ಶೇ 20, ಗಾಡಿ ಒಂದು ಗಜ ಮುಂದೆ ಹೋಗುವ ಹಾಗಿಲ್ಲ. ರಿಪೇರಿ ಅಲ್ಲೇ ಆಗಬೇಕು. ಅಲ್ಲೂ ಅಪಘಾತ ಆಗುತ್ತವೆ, ಅದು ಸ್ವರ್ಗವೇನಲ್ಲ. ಆದರೆ ತತ್ವ ಸರಿಯಾಗಿದೆ. ಅವರು ಹಿಡಿಯುವುದು ದೋಷವನ್ನು. ನಾವು ಹಿಡಿಯುವುದು ಗಾಡಿಯನ್ನು. ದಂಡ ಕಟ್ಟಿಸಿಕೊಂಡು ಬಿಟ್ಟರೆ ಅದೇ ಬ್ರೇಕಿನಲ್ಲಿ ಅದೇ ಲಾರಿ ಮುಂದಿನ ಊರಿಗೆ ಹೋಗುತ್ತದೆ.

ಕಬ್ಬಿನ ಟ್ರ್ಯಾಕ್ಟರ್ ಮಾತೂ ಬರಬೇಕು. ಬೆಳಗಾವಿ, ಬಾಗಲಕೋಟೆ, ಮಂಡ್ಯ ಕಡೆ ಕಬ್ಬು ಅರೆಯುವ ಕಾಲದಲ್ಲಿ ರಾತ್ರಿ ಕಾರು ಓಡಿಸಿದವರಿಗೆ ಗೊತ್ತು. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್. ಕಬ್ಬು ಎರಡೂ ಕಡೆ ಚಾಚಿಕೊಂಡಿರುತ್ತದೆ. ಹಿಂದೆ ಒಂದು ಲೈಟೂ ಇರುವುದಿಲ್ಲ. ಕೃಷಿ ಟ್ರ್ಯಾಕ್ಟರ್ ನಿಯಮದ ಪ್ರಕಾರ ಸಾರಿಗೆ ವಾಹನವೇ ಅಲ್ಲ. ಹಾಗಾಗಿ ಲಾರಿಯ ಎಫ್‌ಸಿ ಶಿಸ್ತು ಅದನ್ನು ಮುಟ್ಟುವುದಿಲ್ಲ. ರೈತರ ಮೇಲೆ ಹೊಸ ಶುಲ್ಕ ಹೇರಿ ಎಂದು ನಾನು ಹೇಳುವುದಿಲ್ಲ. ಕಾರ್ಖಾನೆಯ ತೂಕದ ಕಟ್ಟೆಯ ಹತ್ತಿರವೇ ಪ್ರತಿ ಟ್ರೇಲರ್‌ಗೆ ರೇಡಿಯಂ ಅಂಟಿಸಿ, ಬ್ಯಾಟರಿಯ ಕೆಂಪು ದೀಪ ಕೊಟ್ಟರೆ ಎಷ್ಟು ಖರ್ಚಾದೀತು? ಗಾಡಿ ಹೇಗೂ ಅಲ್ಲಿಗೆ ಬಂದೇ ಬರುತ್ತದೆ.

ಲಾರಿಗಳಿಗೂ ಹೀಗೇ, ಗಾಡಿ ಹೇಗೂ ನಿಲ್ಲುವ ಜಾಗದಲ್ಲೇ ತಪಾಸಣೆ ಇರಬೇಕು. ತೂಕದ ಕಟ್ಟೆ, ಟ್ರಕ್ ಟರ್ಮಿನಲ್, ಘಾಟಿ ಶುರುವಾಗುವ ಮೊದಲಿನ ಬಯಲು. ಘಾಟಿಗೆ ಮೊದಲು ಬೆಳಕಿರುವ ಒಂದು ಜಾಗ, ಬ್ರೇಕ್ ಅಡ್ಜಸ್ಟ್ ಮಾಡುವ ಒಬ್ಬ ಮೆಕ್ಯಾನಿಕ್, ಒಂದು ಶೌಚಾಲಯ ಇದ್ದರೆ ಡ್ರೈವರ್‌ಗಳು ತಾವೇ ನಿಲ್ಲಿಸುತ್ತಾರೆ. ಟ್ರಿಪ್ ಶೀಟಿನಲ್ಲಿ ಡೀಸೆಲ್, ಟೋಲ್ ಬರೆಯುವ ಜಾಗದ ಕೆಳಗೆ "ಕಂಡ ದೋಷ" ಅಂತ ಎರಡು ಗೆರೆ ಇರಲಿ, ಟ್ರೇಲರ್ ಸಂಖ್ಯೆಯ ಜೊತೆ. ಬರೆದದ್ದನ್ನು ನೋಡಿಯೂ ಕಳಿಸಿದರೆ ಜವಾಬ್ದಾರಿ ಯಾರದು ಎಂದು ಆಮೇಲೆ ವಾದ ಮಾಡಬೇಕಾಗುವುದಿಲ್ಲ. ಡ್ರೈವರ್‌ಗಳು ಗಾಡಿ ನೋಡಿಕೊಳ್ಳುವುದಿಲ್ಲ ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಬೆಳಗ್ಗೆ ಊದುಬತ್ತಿ ಹಚ್ಚದೆ, ಚಕ್ರಕ್ಕೆ ಕೈ ಮುಗಿಯದೆ ಕೀ ತಿರುಗಿಸುವವರು ಕಡಿಮೆ. ಆಯುಧ ಪೂಜೆಗೆ ಲಾರಿಯನ್ನು ಮಗುವಿನಂತೆ ತೊಳೆಯುತ್ತಾರೆ. ಪ್ರೀತಿ ಬೇಕಾದಷ್ಟಿದೆ. ಸಮಯವನ್ನು ನಾವು ಕೊಟ್ಟಿಲ್ಲ.

ದಾಬಸ್‌ಪೇಟೆಯ ಆ ಡ್ರೈವರ್ ಮಾಲೀಕರಿಗೆ ಫೋನ್ ಮಾಡಿದರು. ತುಮಕೂರಿನವರೆಗೆ ಹೋಗಿ ಅಲ್ಲಿ ಹಾಕಿಸಿ, ಇಲ್ಲಿ ಜಾಸ್ತಿ ಕೇಳುತ್ತಾರೆ ಎಂದು ಉತ್ತರ ಬಂತು. ಇವರು ಹೂಂ ಎಂದು ಫೋನ್ ಇಟ್ಟರು. ಹೊರಡಲಿಲ್ಲ. ಪಂಚರ್ ಅಂಗಡಿ ತೆರೆಯುವುದು ಎಂಟಕ್ಕೆ. ಅಲ್ಲಿಯವರೆಗೆ ಟ್ರೇಲರ್ ಹಿಂದಿನ ಲೈಟುಗಳನ್ನು ಬಟ್ಟೆಯಿಂದ ಒರೆಸಿದರು. ಅಂಗಡಿಯ ಹುಡುಗ ಬಂದು ಎರಡೂ ಟೈರ್ ಬಿಚ್ಚಿದಾಗ ಒಳಗಿನ ಟೈರಿನಲ್ಲಿ ಬೆರಳುದ್ದದ ಮೊಳೆ ಇತ್ತು. ಸ್ಟೆಪ್ನಿ ಹಾಕಿ, ನಟ್ ಬಿಗಿ ಮಾಡಿ, ಸ್ಪ್ಯಾನರ್ ಮೇಲೆ ಇವರು ಪೂರ್ತಿ ಭಾರ ಹಾಕಿ ನಿಂತು ಇನ್ನೊಮ್ಮೆ ಬಿಗಿ ಮಾಡಿದರು. ದುಡ್ಡು ತಮ್ಮ ಜೇಬಿನಿಂದ ಕೊಟ್ಟರು. ವಾಪಸ್ ಸಿಗುತ್ತದಾ ಎಂದು ಕೇಳಿದೆ. "ನೋಡೂಣ್ರಿ" ಎಂದು ಹೇಳಿ ಕ್ಯಾಬಿನ್ ಹತ್ತಿದರು. ಎಂಟೂಮುಕ್ಕಾಲಿಗೆ ಟ್ರೇಲರ್ ಹೆದ್ದಾರಿಗೆ ಏರಿತು. ಹಿಂದಿನ ಕೆಂಪು ದೀಪ ಎರಡೂ ಹತ್ತಿದ್ದವು.